ಒಂದೇ ದಂಡೆಯ ನೀರು

ಘತ್ತರಗಿಯ ಅಂಬಿಗರ ಮಾಳಿಂಗಪ್ಪನಿಗೆ ನೀರಿನ ವಿಷಯದಲ್ಲಿ ಬುದ್ಧಿ ಹೇಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ಊರ ಗೌಡ ಕೂಡ ಹರಗೋಲು ಹತ್ತುವಾಗ ಬಾಯಿ ಮುಚ್ಚಿಕೊಂಡೇ ಹತ್ತುತ್ತಿದ್ದ. ಊರದೇವಿ ಭಾಗ್ಯವಂತಿಯ ಭಕ್ತರನ್ನು ಭೀಮಾ ಹೊಳೆ ದಾಟಿಸುತ್ತ ದಾಟಿಸುತ್ತಲೇ ತಲೆ ಹಣ್ಣಾದ ಮನುಷ್ಯ ಅವನು. ದಿನಾ ಬೆಳಗ್ಗೆ ಎದ್ದವನೇ ನೀರಿನ ಅಂಚಿಗೆ ಒಂದು ಕಡ್ಡಿ ಊರುತ್ತಿದ್ದ. ಒಂದು ಚುಟ್ಟಾ ಸೇದಿ ಮುಗಿಸುವಷ್ಟರಲ್ಲಿ ನೀರು ಕಡ್ಡಿಯನ್ನು ಬಿಟ್ಟು ಹಿಂದೆ ಸರಿದಿದ್ದರೆ ಆ ದಿನ ಭಯವಿಲ್ಲ. "ಇಳಿದ ಹೊಳಿ ಅವತ್ತೇ ಏರೂದಿಲ್ಲ" ಎಂಬುದು ಅವನ ಅಪ್ಪನ ಮಾತು, ಅಪ್ಪನ ಅಪ್ಪನ ಮಾತು. ಆ ಮಾತನ್ನು ನಂಬಿ ಆ ಮನೆತನ ಅನ್ನ ಉಂಡಿತ್ತು.

ಅಂಥವನು ಹೆಂಡತಿ ನಿಂಬೆವ್ವನನ್ನು ಕಟ್ಟಿಕೊಂಡು ಸಮುದ್ರದ ದಂಡೆಗೆ ಹೊರಟಿದ್ದು ಮೂವತ್ತೆಂಟನೇ ಇಸವಿಯ ಮಾಘ ಮಾಸದಲ್ಲಿ. ಕಾರಣ, ಮೊಮ್ಮಗ.

ಮಗ ಭೀಮಶಾ ಹರಗೋಲಿನ ಹುಟ್ಟು ಹಾಕಲಾರೆ ಎಂದು ಅಪ್ಪನ ಜೊತೆ ಜಗಳಾಡಿ ಮುಂಬೈಗೆ ಓಡಿಹೋಗಿದ್ದ. ಗಿರಣಿಯ ಹೊಗೆ ಒಗ್ಗಲಿಲ್ಲ. ಹಾಯಿದೋಣಿಯೊಂದರಲ್ಲಿ ಖಲಾಸಿಯಾದ, ಕೊಂಕಣದ ದಂಡೆಯ ಒಂದು ಬೆಸ್ತರ ಕೇರಿಯಲ್ಲಿ ಇಳಿದ, ಅಲ್ಲಿಯ ಹುಡುಗಿ ತುಳಜಾಬಾಯಿಯನ್ನು ಮದುವೆಯಾಗಿ ಮೀನು ಹಿಡಿಯತೊಡಗಿದ. ಹೊಳೆ ನೀರು ಬೇಡ ಅಂದವನು ಉಪ್ಪು ನೀರಿಗೆ ಬಿದ್ದ ಎಂದು ಊರು ನಕ್ಕಿತು. ಮಾಳಿಂಗಪ್ಪ ಎರಡು ವರ್ಷ ಮಗನ ಹೆಸರೆತ್ತಲಿಲ್ಲ. ಆಮೇಲೆ ಮುಂಬೈಗೆ ಹೋಗಿಬರುವ ಅಫಜಲಪುರದ ವ್ಯಾಪಾರಿ ಖಾದರಸಾಬ ಗಂಡು ಮೊಮ್ಮಗ ಹುಟ್ಟಿದ ಸುದ್ದಿ ತಂದ. ಮಗನ ಮೇಲಿನ ಸಿಟ್ಟು ಮೊಮ್ಮಗನ ಹೆಸರು ಕೇಳಿದರೆ ನಿಲ್ಲುತ್ತದೆಯೇ? ಬಿಸಿಲಿಗಿಟ್ಟ ಬೆಣ್ಣೆಯ ಹಾಗೆ ಕರಗಿಹೋಯಿತು.

ಆದರೆ ನಿಂಬೆವ್ವನ ಎದೆಯಲ್ಲಿ ಸಂತೋಷದ ಜೊತೆಗೇ ಒಂದು ಅಂಜಿಕೆ ಬಂದು ಕೂತಿತು. ಅವರ ಮನೆತನದಲ್ಲಿ ನಡುನೀರು ತೋರಿಸುವ ಪದ್ಧತಿ ಇತ್ತು. ಕೂಸು ಅಂಬೆಗಾಲು ಇಡುವ ಮೊದಲೇ ಅಜ್ಜ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೊಳೆಯ ನಟ್ಟನಡುವೆ ಹರಗೋಲು ನಿಲ್ಲಿಸಬೇಕು. ಎರಡೂ ದಂಡೆ ಸಮದೂರ ಇರಬೇಕು. ಅಜ್ಜಿ ದೀಪ ಹಚ್ಚಿ, ನೀರಿಗೆ ಕುಂಕುಮ ಬಿಟ್ಟು, ಒಂದು ಹನಿಯನ್ನು ಕೂಸಿನ ತುಟಿಗೆ ಮುಟ್ಟಿಸಿ, "ಗಂಗವ್ವಾ, ಇಂವ ನಿನ್ನ ಕೂಸು, ಗುರ್ತ ಇಟಗೋ" ಎನ್ನಬೇಕು. ಗುರುತಾದ ಕೂಸನ್ನು ನೀರು ಮುಟ್ಟುವುದಿಲ್ಲ.

ಚೊಚ್ಚಲ ಮಗ ಸೈದಪ್ಪನಿಗೆ ಅದು ಆಗಿರಲಿಲ್ಲ. ಅದು ಪ್ಲೇಗಿನ ವರ್ಷ. ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ಹೊಳೆಯ ಕಡೆ ಹೋಗುವವರೇ ಇರಲಿಲ್ಲ. ಕೂಸು ಅಂಬೆಗಾಲಿಟ್ಟಿತು, ನಡೆಯಿತು, ಓಡಿತು. ನಾಲ್ಕು ವರ್ಷದವನಾದಾಗ ಒಂದು ದಿನ, ತಾಯಿ ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಪಕ್ಕದಲ್ಲೇ, ಮೊಣಕಾಲುದ್ದದ ನೀರಿನಲ್ಲಿ ಹೋಗಿಬಿಟ್ಟ. ನಿಂಬೆವ್ವ ಹಿಂಡುತ್ತಿದ್ದ ಸೀರೆಯನ್ನು ಕೊಡವಿ ತಿರುಗಿ ನೋಡುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ. ಅಂದಿನಿಂದ ಅವಳಿಗೆ ನೀರು ಕಂಡರೆ ಭಯ. ಅಂಬಿಗನ ಹೆಂಡತಿಯಾಗಿ ನೀರಿಗೆ ಹೆದರುತ್ತೇನೆ ಅಂದರೆ ನಗುವರೆಂದು ಯಾರಿಗೂ ಹೇಳಿರಲಿಲ್ಲ.

ಬಂಡಿಯಲ್ಲಿ ದುಧನಿ ಸ್ಟೇಷನ್ನಿಗೆ, ಅಲ್ಲಿಂದ ರೈಲಿನಲ್ಲಿ ಮುಂಬೈಗೆ ಬಂದರು. ಖಾದರಸಾಬ ಅವರನ್ನು ಬಂದರಿನ ಧಕ್ಕೆಯವರೆಗೆ ಕರೆದುಕೊಂಡು ಬಂದು ಹೊಗೆ ಉಗುಳುವ ಆಗಬೋಟು ಹತ್ತಿಸಿದ. ಬೋಟು ಹೊರಟಾಗ ನಿಂಬೆವ್ವ ಗಂಡನ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ಒಂದು ಕಡೆ ಗುಡ್ಡ, ತೆಂಗು, ಮನೆ ಕಾಣುತ್ತಿದ್ದವು. ಇನ್ನೊಂದು ಕಡೆ ಏನೂ ಇರಲಿಲ್ಲ.

"ಏನ್ರಿ, ಆ ಕಡಿ ದಂಡಿ ಎಲ್ಲದ?"

"ಕಾಣಸಂಗಿಲ್ಲ ಬೇ, ದೊಡ್ಡ ನೀರ ಅದ," ಎಂದ ಮಾಳಿಂಗಪ್ಪ. "ಇದ್ದೇ ಇರ್ತದ. ದಂಡಿ ಇಲ್ದ ನೀರ ಎಲ್ಲರೆ ಇರ್ತದನು?"

ಅವನ ದನಿ ಗಟ್ಟಿಯಾಗೇ ಇತ್ತು. ಆದರೆ ಅವನ ಕಣ್ಣು ಆ ಇಲ್ಲದ ದಂಡೆಯನ್ನು ಹುಡುಕುತ್ತಿದ್ದುದನ್ನು ನಿಂಬೆವ್ವ ಕಂಡಳು. ಅವಳಿಗೆ ಮತ್ತಷ್ಟು ಹೆದರಿಕೆಯಾಯಿತು.

ಮರುದಿನ ಹುಣ್ಣಿಮೆ. ಮಧ್ಯಾಹ್ನ ಭೀಮಶಾ ಸಣ್ಣ ದೋಣಿಯಲ್ಲಿ ಬಂದು ಆಗಬೋಟಿನಿಂದ ಅವರನ್ನು ಇಳಿಸಿಕೊಂಡ. ನೀರು ಕೇರಿಯ ಮನೆಗಳ ಮೆಟ್ಟಿಲ ತನಕ ತುಂಬಿ ನಿಂತಿತ್ತು. ಎದುರಿಗೆ, ನೀರಿನ ನಡುವೆ, ಒಂದು ಹಳೆಯ ಕೋಟೆ. ಅದರ ಕಪ್ಪು ಗೋಡೆಗೆ ಅಲೆ ಬಡಿಯುತ್ತಿತ್ತು. ಒಂದು ಕಾಲಕ್ಕೆ ಅಲ್ಲಿ ಯುದ್ಧದ ಹಡಗು ಕಟ್ಟುತ್ತಿದ್ದರಂತೆ, ತುಳಜಾಬಾಯಿಯ ಹಿರಿಯರು ಅವುಗಳ ಮೇಲೆ ನಾವಿಕರಾಗಿದ್ದರಂತೆ. ಈಗ ಕೋಟೆಯಲ್ಲಿ ಇದ್ದದ್ದು ಪಾರಿವಾಳ ಮಾತ್ರ. ಮನೆಯ ಅಂಗಳದಲ್ಲಿ ಆಳೆತ್ತರದ ತುಕ್ಕು ಹಿಡಿದ ಲಂಗರು ಒಂದಿತ್ತು. ಸೊಸೆ ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಕಬ್ಬಿಣಕ್ಕೆ ಕುಂಕುಮ ಹಚ್ಚುವ ಹೆಣ್ಣುಮಗಳ ಬಗ್ಗೆ ಏನು ತಿಳಿಯಬೇಕೋ ನಿಂಬೆವ್ವನಿಗೆ ಗೊತ್ತಾಗಲಿಲ್ಲ. ಆದರೆ ಕೂಸನ್ನು ತಂದು ತೊಡೆಯ ಮೇಲೆ ಹಾಕಿದಾಗ ಎಲ್ಲ ಮರೆತುಹೋಯಿತು. ಗುಂಗುರು ಕೂದಲು, ಅಗಲ ಹಣೆ. ಸೈದಪ್ಪನ ಹಣೆ.

ಸೊಸೆ ಆಡುವುದು ಮರಾಠಿ. ಗಡಿಯ ಸೀಮೆಯಿಂದ ಬಂದವರಿಗೆ ಮರಾಠಿ ಹೊಸದಲ್ಲ, ಹಾಗಾಗಿ ಮಾತಿಗೆ ತೊಂದರೆ ಇರಲಿಲ್ಲ. ಊಟವಾದ ಮೇಲೆ ಭೀಮಶಾ ಬಲೆ ಹೊತ್ತು, "ದೋಣಿ ಹೊಂಟದ, ಬಿಟ್ರ ಇವತ್ತಿನ ಮೀನ ಹೋತು. ನಾಳಿ ಮಧ್ಯಾಹ್ನಕ್ಕ ಬರ್ತೇನಿ ಯವ್ವಾ," ಎಂದು ಹೊರಟುಹೋದ.

ಸಂಜೆ ನಿಂಬೆವ್ವ ಹೊರಗೆ ಬಂದು ನೋಡಿದಳು. ನೀರು ಇರಲಿಲ್ಲ. ಮೆಟ್ಟಿಲ ಹತ್ತಿರ ತೇಲುತ್ತಿದ್ದ ದೋಣಿಗಳು ಕೆಸರಲ್ಲಿ ಮಗ್ಗುಲಾಗಿ ಬಿದ್ದಿದ್ದವು. ಕೋಟೆಯ ತನಕ ಒದ್ದೆ ಉಸುಕು, ಕಲ್ಲು, ಅಲ್ಲೊಂದು ಇಲ್ಲೊಂದು ಹೊಂಡ, ನಡುವೆ ಒಂದು ದೊಡ್ಡ ಕರಿ ಬಂಡೆ.

"ಎಲ್ಲಿ ಹೋತ್ರಿ ನೀರು?"

ಮಾಳಿಂಗಪ್ಪ ನಕ್ಕ. ಊರು ಬಿಟ್ಟ ಮೇಲೆ ಮೊದಲ ಸಲ ಅವನಿಗೆ ತನಗೆ ಗೊತ್ತಿರುವುದೊಂದು ಕಣ್ಣಿಗೆ ಬಿದ್ದಿತ್ತು. "ಇಳೀತು ಬೇ. ಮಹಾಪೂರ ಬಂದಿತ್ತು, ಇಳೀತು. ನಮ್ಮ ಹೊಳಿ ಇಳಿಯಂಗಿಲ್ಲನು?"

ಆ ಹೊತ್ತಿಗೆ ಒಳಗಿನಿಂದ ಸೊಸೆ ನಗುತ್ತ ಕೂಗಿದಳು, ಬಂದು ನೋಡಿ ಎಂದು. ಕೂಸು ಚಾಪೆಯ ಮೇಲೆ ಹೊಟ್ಟೆ ಹೊಸೆಯುತ್ತ, ಮೊಣಕಾಲು ಮಡಚಿ, ಮುಂದಕ್ಕೆ ತನ್ನನ್ನು ಎಳೆದುಕೊಳ್ಳುತ್ತಿತ್ತು. ಮಾಳಿಂಗಪ್ಪ ಚಪ್ಪಾಳೆ ತಟ್ಟಿದ. ನಿಂಬೆವ್ವ ಮಾತ್ರ ಚಾಪೆಯಿಂದ ಹೊರಗಿನ ಮೆಟ್ಟಿಲ ತನಕ ಕಣ್ಣಲ್ಲೇ ದೂರ ಅಳೆದಳು. ಇನ್ನೆರಡು ದಿನ, ಇಲ್ಲವೇ ನಾಳೆ, ಕೂಸು ಅಂಬೆಗಾಲು ಇಡುತ್ತದೆ. ಮೆಟ್ಟಿಲಿಳಿದರೆ ಸಮುದ್ರ. ಗಂಗವ್ವನಿಗೆ ಅದರ ಗುರುತೇ ಇಲ್ಲ.

ಸೊಸೆಗೆ ನಡುನೀರಿನ ವಿಷಯ ಹೇಳಿದಳು. ತುಳಜಾಬಾಯಿ ಪೂರ್ತಿ ಕೇಳಿಸಿಕೊಂಡು ತಲೆಯಾಡಿಸಿದಳು. "ನಮ್ಮಲ್ಲಿ ವರ್ಷ ತುಂಬದ ಕೂಸನ್ನು ಸಮುದ್ರದ ಕಣ್ಣಿಗೆ ಹಾಕೋದಿಲ್ಲ ಅತ್ತಿ. ಶ್ರಾವಣದ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಡ್ತೇವೆ, ಆಮೇಲೆ ಅವನಪ್ಪನೇ ದೋಣಿಯಲ್ಲಿ ಕರೆದುಕೊಂಡು ಹೋಗ್ತಾನೆ. ಅಲ್ಲಿಯ ತನಕ ಬೇಡ. ನೀವಿಬ್ಬರೂ ಕೆಳಗೆ ಇಳಿಯಬೇಡಿ, ನೀರು ಬರ್ತದೆ."

"ನೀರ ಬರ್ತದಂತ," ಮಾಳಿಂಗಪ್ಪ ಮೀಸೆಯಲ್ಲೇ ಗೊಣಗಿದ. "ಅಂಬಿಗ್ಯಾಗ ನೀರ ಹೇಳಿಕೊಡ್ತಾಳ ಇಕಿ."

ಶ್ರಾವಣ ಅಂದರೆ ಇನ್ನೂ ಆರು ತಿಂಗಳು. ಅಷ್ಟರಲ್ಲಿ ಕೂಸು ಎದ್ದು ಓಡುತ್ತದೆ. ನಿಂಬೆವ್ವ ರಾತ್ರಿ ಮಗ್ಗಲು ಬದಲಿಸುತ್ತ, ಕಣ್ಣು ಮುಚ್ಚಿದರೆ ಬಟ್ಟೆ ಒಗೆಯುವ ಆ ಖಾಲಿ ಕಲ್ಲು ಕಂಡು ಬೆಚ್ಚಿ, ಕೊನೆಗೆ ಗಂಡನ ಕಿವಿಯಲ್ಲಿ ಹೇಳಿದಳು, "ನಾಳಿ ಹೊತ್ತು ಮೂಡೂದರಾಗ ನಾವೇ ಮಾಡಿ ಬಿಡೂನ್ರಿ. ಆಕಿಗಿ ಗೊತ್ತಾಗೂದ ಬ್ಯಾಡ." ಭಯಕ್ಕೆ ಬುದ್ಧಿ ಹೇಳಿದವರುಂಟೇ? ಒಂದು ಭಯದಿಂದ ತಪ್ಪಿಸಿಕೊಳ್ಳಲು ಮನುಷ್ಯ ಇನ್ನೊಂದರ ಬಾಯೊಳಗೆ ತಾನೇ ನಡೆದುಹೋಗುತ್ತಾನೆ.

"ಒಂದೇ ದಂಡಿ ಇರೂ ನೀರಿಗಿ ನಡು ಎಲ್ಲಿಂದ ತರಲಿ?" ಎಂದ ಮಾಳಿಂಗಪ್ಪ. ಸ್ವಲ್ಪ ಯೋಚಿಸಿ ತಾನೇ ಉತ್ತರ ಹೇಳಿಕೊಂಡ. "ಕ್ವಾಟಿ ಒಂದು ದಂಡಿ ಆತು, ಊರು ಒಂದು ದಂಡಿ ಆತು. ನಡುವ ಆ ಕರೇ ಬಂಡಿಗಲ್ಲು ಅದಲ್ಲ, ಅದೇ ನಡುನೀರು."

ಮಸುಕು ಮಸುಕಿರುವಾಗಲೇ ತುಳಜಾಬಾಯಿ ಕೊಡ ಹೊತ್ತು ಗುಡ್ಡದ ಮೇಲಿನ ಸಿಹಿನೀರಿನ ಬಾವಿಗೆ ಹೋದಳು. ಇಷ್ಟು ನೀರಿನ ಮಗ್ಗುಲಲ್ಲಿದ್ದೂ ಕುಡಿಯುವ ನೀರಿಗೆ ಗುಡ್ಡ ಹತ್ತಬೇಕಾದ ಊರು ಅದು. ಅವಳ ಬೆನ್ನು ಮರೆಯಾಗುತ್ತಿದ್ದಂತೆ ಮಾಳಿಂಗಪ್ಪ ಹೊರಗೆ ಬಂದು ನೋಡಿದ. ನಿನ್ನೆ ಸಂಜೆ ಹೇಗಿತ್ತೋ ಹಾಗೇ ಇತ್ತು: ಒದ್ದೆ ಉಸುಕು, ದೂರದಲ್ಲಿ ನೀರು. ನಿನ್ನೆ ಇಳಿದದ್ದು ರಾತ್ರಿಯೆಲ್ಲ ಏರಿಲ್ಲ, ಇನ್ನೂ ಇಳಿಯುತ್ತಲೇ ಇದೆ ಎಂದು ಅವನು ತಿಳಿದ. ಅವನು ಮಲಗಿದ್ದಾಗ ನಡುರಾತ್ರಿ ನೀರು ಮತ್ತೆ ಮೆಟ್ಟಿಲ ತನಕ ಬಂದು, ಸದ್ದಿಲ್ಲದೆ ಹಿಂದೆ ಹೋಗಿದ್ದನ್ನು ಅವನಿಗೆ ಹೇಳುವವರು ಯಾರು? ಹೊಳೆ ಹಾಗೆ ಮಾಡುವುದಿಲ್ಲ. ಹೊಳೆಯ ಮಗನಿಗೆ ಅದು ಹೊಳೆಯಲೂ ಇಲ್ಲ.

ನಿಂಬೆವ್ವ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಹಣತೆ, ಎಣ್ಣೆ, ಕುಂಕುಮ ಗಂಡನ ಕೈಯಲ್ಲಿದ್ದವು. ಪಶ್ಚಿಮಕ್ಕೆ ಹುಣ್ಣಿಮೆಯ ಚಂದ್ರ ನೀರಿಗೆ ಇಳಿಯುತ್ತಿದ್ದ. ಕಾಲಡಿ ಉಸುಕು ತಣ್ಣಗೆ, ಜಾರುತ್ತಿತ್ತು. ಸಣ್ಣ ಏಡಿಗಳು ಅವರ ಹೆಜ್ಜೆಗೆ ಬೆದರಿ ತೂತುಗಳೊಳಗೆ ಇಳಿಯುತ್ತಿದ್ದವು. ದಂಡೆಗೂ ಬಂಡೆಗೂ ನಡುವೆ ಒಂದು ತಗ್ಗು ಇತ್ತು. ಅಲ್ಲಿ ಮೊಣಕಾಲುದ್ದ ನೀರು ಉಳಿದಿತ್ತು. ಮೊಣಕಾಲಿಗೆ ನೀರು ತಾಗಿದಾಗ ನಿಂಬೆವ್ವ ನಿಂತುಬಿಟ್ಟಳು. ಗಂಡ ಕೈ ಹಿಡಿದು ದಾಟಿಸಿದ.

ಬಂಡೆಯ ಬುಡದಲ್ಲಿ ನೀರಿನ ಅಂಚು ನೋಡಿ ಮಾಳಿಂಗಪ್ಪ ರೂಢಿಯಂತೆ ಒಂದು ಕಡ್ಡಿ ಊರಿದ. ಕಲ್ಲಿನ ತಗ್ಗಿನಲ್ಲಿ ಕೂತು ಕೂಸನ್ನು ತೊಡೆಯ ಮೇಲಿಟ್ಟುಕೊಂಡ. ಗಾಳಿಗೆ ದೀಪ ಹತ್ತಲಿಲ್ಲ; ನಿಂಬೆವ್ವ ಸೆರಗು ಮರೆ ಮಾಡಿ ಮತ್ತೆ ಮತ್ತೆ ಹಚ್ಚಿದಳು. ಕುಂಕುಮ ಬಿಟ್ಟಳು. ಬೆರಳದ್ದಿ ಕೂಸಿನ ತುಟಿಗೆ ಮುಟ್ಟಿಸಿದಳು. ಉಪ್ಪಿಗೆ ಕೂಸು ಮುಖ ಕಿವುಚಿತು, ಅಜ್ಜ ನಕ್ಕ. "ಗಂಗವ್ವಾ, ಇಂವ ನಿನ್ನ ಕೂಸು, ಗುರ್ತ ಇಟಗೋ," ಎಂದಳು. ಇಪ್ಪತ್ತು ವರ್ಷದಿಂದ ಎದೆಯ ಮೇಲಿದ್ದ ಭಾರ ಒಂದು ಗಳಿಗೆ ಇಳಿಯಿತು. ಆ ಒಂದು ಗಳಿಗೆ ಅವಳು ನಿಜಕ್ಕೂ ಸುಖವಾಗಿದ್ದಳು.

ಆಮೇಲೆ ಅವಳ ಕಣ್ಣು ಕಡ್ಡಿಯ ಮೇಲೆ ಬಿತ್ತು. ಅಂಚಿನಲ್ಲಿ ಊರಿದ್ದ ಕಡ್ಡಿ ನೀರಿನೊಳಗೆ ನಿಂತಿತ್ತು.

"ಏನ್ರಿ. ನೀರು ಏರಾಕತ್ತದ."

ಮಾಳಿಂಗಪ್ಪ ನೋಡಿದ. ಅವನು ಮೊದಲು ಮಾಡಿದ್ದು ಆಕಾಶ ನೋಡಿದ್ದು. "ಮ್ಯಾಲ ಎಲ್ಲೋ ಮಳಿ ಬಿದ್ದಿರಬೇಕು," ಎಂದ.

ಮಾಘ ಮಾಸದಲ್ಲಿ ಮಳೆ! ಆಕಾಶದಲ್ಲಿ ಒಂದು ಅರಳೆಯಷ್ಟು ಮೋಡ ಇರಲಿಲ್ಲ. ನೀರು ಯಾವ ಮೇಲಿನಿಂದಲೂ ಬರುತ್ತಿರಲಿಲ್ಲ. ಅದು ಕೆಳಗಿನಿಂದ, ದಂಡೆಯೇ ಇಲ್ಲದ ಕಡೆಯಿಂದ, ಉಸುಕಿನ ಮೇಲೆ ನಾಲಿಗೆ ಚಾಚುತ್ತ ಬರುತ್ತಿತ್ತು. ನಿಂಬೆವ್ವ ಊರಿನ ಕಡೆ ತಿರುಗಿದಳು. ಬರುವಾಗ ದಾಟಿದ ತಗ್ಗು ಆಗಲೇ ಅಗಲವಾಗಿತ್ತು. ಅವರ ಹೆಜ್ಜೆ ಗುರುತುಗಳ ಮೇಲೆ ನೀರು ಹರಿದಾಡುತ್ತಿತ್ತು.

"ಏಳ್ರಿ! ಹೋಗೂನು ನಡೀರಿ!"

ಅವನು ಕೂಸನ್ನು ಅವಳಿಗೆ ಕೊಟ್ಟು ತಗ್ಗಿಗೆ ಇಳಿದ. ಸೊಂಟದ ತನಕ ಬಂತು. ಇನ್ನೆರಡು ಹೆಜ್ಜೆಗೆ ಎದೆ. ಅಷ್ಟಕ್ಕೆ ಅವನೇನೂ ಹೆದರುವವನಲ್ಲ, ಶ್ರಾವಣದ ಭೀಮೆಯಲ್ಲಿ ಈಜಿದವನು. ಆದರೆ ಒಂದು ಅಲೆ ಅವನನ್ನು ಊರಿನ ಕಡೆ ನೂಕಿತು, ಬೆನ್ನಿಗೇ ಇನ್ನೊಂದು ಕೋಟೆಯ ಕಡೆ ಎಳೆಯಿತು, ಕಾಲಡಿಯ ಉಸುಕು ಸರಿಯಿತು. ಮುಳುಗಿದ. ಎದ್ದ. ಕಲ್ಲಿಗೆ ಕೈ ಚಾಚಿ, ಮೊಣಕೈ ಕೆತ್ತಿಕೊಂಡು, ಏದುಸಿರು ಬಿಡುತ್ತ ಮತ್ತೆ ಹತ್ತಿಬಂದ. ಗಂಡನ ಮುಖದಲ್ಲಿ ಭಯವನ್ನು ಅವಳು ಈ ಮೊದಲು ಕಂಡಿರಲಿಲ್ಲ.

"ಹೊಳಿ ಒಂದ ಕಡಿ ಎಳೀತದ ನಿಂಬಿ," ಎಂದ ಅವನು. "ಇದು ಎರಡೂ ಕಡಿ ಎಳೀತದ. ಕೂಸಿನ್ನ ತಗೊಂಡು ಹೋಗಲಾಕ ಆಗಂಗಿಲ್ಲ."

"ಇಲ್ಲೇ ಕುಂದ್ರೂನು. ಕಲ್ಲು ಎತ್ತರ ಅದ. ಇಳೀತನ ಕುಂದ್ರೂನು."

ಹೇಳುತ್ತ ಹೇಳುತ್ತ ಅವಳು ಕಲ್ಲಿನ ಮೇಲೆ ಕೈ ಇಟ್ಟಳು. ಕೈಗೆ ಚುಚ್ಚಿತು. ಕಲ್ಲಿಗೆ ಸಣ್ಣ ಸಣ್ಣ ಚಿಪ್ಪುಗಳು ಒತ್ತಾಗಿ ಅಂಟಿದ್ದವು, ಅವುಗಳ ನಡುವೆ ಹಸಿರು ಪಾಚಿ ಒದ್ದೆಯಾಗಿ ಜೋತುಬಿದ್ದಿತ್ತು. ಅವಳು ಕಣ್ಣೆತ್ತಿದಳು. ಚಿಪ್ಪು ಅವಳ ತಲೆಗಿಂತ ಮೇಲೆ ಹೋಗಿತ್ತು. ಕಲ್ಲಿನ ನೆತ್ತಿಯ ತನಕ ಹೋಗಿತ್ತು. ಹೊಳೆಯ ದಂಡೆಯಲ್ಲಿ ಹುಟ್ಟಿದವಳಿಗೆ ಆ ಗೆರೆ ಓದಲು ಯಾರೂ ಕಲಿಸಬೇಕಿರಲಿಲ್ಲ. ಪಾಚಿ ಎಲ್ಲಿಯ ತನಕವೋ ನೀರು ಅಲ್ಲಿಯ ತನಕ. ಈ ಕಲ್ಲು ಪೂರ್ತಿ ಮುಳುಗುತ್ತದೆ. ದಿನಾ ಮುಳುಗುತ್ತದೆ.

ಅವಳು ಕಿರುಚಿದಳು. ಮಾಳಿಂಗಪ್ಪನೂ ಕೂಗಿದ, ಆ ದಂಡೆಯಿಂದ ಹರಗೋಲು ಕರೆಯುವವರ ಹಾಗೆ ಕೈ ಬಾಯಿಗಿಟ್ಟು ಕೂಗಿದ. ಜೀವಮಾನವೆಲ್ಲ ಅಂಥ ಕೂಗಿಗೆ ಓಗೊಟ್ಟವನ ಕೂಗಿಗೆ ಯಾರೂ ಓಗೊಡಲಿಲ್ಲ. ಗಂಡಸರೆಲ್ಲ ಮೀನಿಗೆ ಹೋಗಿದ್ದರು. ಅಲೆಯ ಸದ್ದು ಎಲ್ಲವನ್ನೂ ನುಂಗುತ್ತಿತ್ತು.

ಇಬ್ಬರೂ ನೆತ್ತಿಗೆ ಹತ್ತಿದರು. ನೀರು ಹಣತೆಯನ್ನು ಒಯ್ದಿತು, ಕುಂಕುಮದ ಪೊಟ್ಟಣವನ್ನು ಒಯ್ದಿತು. ಪಾದಕ್ಕೆ ಬಂತು. ಮಾಳಿಂಗಪ್ಪ ತಲೆಯ ರುಮಾಲು ಬಿಚ್ಚಿ, ಕೂಸನ್ನು ಕೊರಳ ಹಿಂದೆ, ಹೆಗಲಿನ ಮೇಲೆ ಎತ್ತರಕ್ಕೆ ಬಿಗಿದು ಕಟ್ಟಿಕೊಂಡ. ಕೂಸು ಮೊದಲು ಆಟವೆಂದು ಅಜ್ಜನ ಕೂದಲು ಎಳೆಯಿತು. ಅಲೆಯ ಹನಿ ಮುಖಕ್ಕೆ ಸಿಡಿದಾಗ ಅಳತೊಡಗಿತು. ನಿಂಬೆವ್ವ ಅದರ ಒಂದು ಪಾದವನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ಮೊಣಕಾಲಿಗೆ ನೀರು ಬಂದಾಗ ಅವಳಿಗೆ ಬೇರೆ ಯೋಚನೆ ಉಳಿದಿರಲಿಲ್ಲ. ನಾನು ಮಾಡಿದೆ. ಸೈದಪ್ಪ ಹೋದಾಗ ನಾನು ತಿರುಗಿ ನಿಂತಿದ್ದೆ. ಇವನನ್ನು ನಾನೇ ನಡೆಸಿಕೊಂಡು ಬಂದೆ. ಅದನ್ನೇ ಮತ್ತೆ ಮತ್ತೆ ಅಂದುಕೊಳ್ಳುತ್ತಿದ್ದಳು.

"ನಿಂಬಿ, ಅಗೋ!" ಎಂದ ಮಾಳಿಂಗಪ್ಪ.

ಕೆಸರಲ್ಲಿ ಬಿದ್ದಿದ್ದ ಸಣ್ಣ ದೋಣಿಗಳಲ್ಲೊಂದು ನೀರಿಗಿಳಿದಿತ್ತು. ಒಬ್ಬಳೇ ಹೆಂಗಸು, ಕಚ್ಚೆ ಬಿಗಿದು, ನಿಂತೇ ಹುಟ್ಟು ಹಾಕುತ್ತಿದ್ದಳು. ತುಳಜಾಬಾಯಿ. ಬಾವಿಯಲ್ಲಿ ಸರದಿ ಕಾದು ತಡವಾಗಿ ಬಂದವಳು ಖಾಲಿ ಜೋಲಿ ನೋಡಿದ್ದಳು, ಆಮೇಲೆ ಸಮುದ್ರ ನೋಡಿದ್ದಳು. ತುಂಬಿದ ಕೊಡ ಹೊಸ್ತಿಲಲ್ಲೇ ಒಡೆದುಬಿದ್ದಿತ್ತು.

ದೋಣಿ ಹತ್ತಿರ ಬಂತು, ಆದರೆ ಬಂಡೆಗೆ ತಾಗಲಿಲ್ಲ. ತಾಗಿದರೆ ಅಲೆ ಅದನ್ನು ಎತ್ತಿ ಕಲ್ಲಿಗೆ ಬಡಿಯುತ್ತಿತ್ತು. ಹಲವು ಮಾರು ದೂರದಲ್ಲೇ ಅದನ್ನು ಹಿಡಿದು ನಿಲ್ಲಿಸಿ ಅವಳು ಹಗ್ಗ ಎಸೆದಳು. ಮೊದಲ ಸಲ ತಪ್ಪಿತು. ಎರಡನೆಯದು ಮಾಳಿಂಗಪ್ಪನ ಕೈಗೆ ಸಿಕ್ಕಿತು.

"ಕೂಸಿನ ಜೊತೆ ನೀರಿಗೆ ಇಳೀರಿ ಮಾಮಾ! ಈಜಬೇಡಿ! ಹಗ್ಗ ಮಾತ್ರ ಹಿಡೀರಿ, ನಾನು ಎಳೀತೇನೆ! ಈ ದೊಡ್ಡ ಅಲೆ ಹೋಗಲಿ... ಈಗ! ಇಳೀರಿ!"

ಮಾಳಿಂಗಪ್ಪ ಹೆಜ್ಜೆ ಎತ್ತಿದ. ಆದರೆ ಇಳಿಯಲಾಗಲಿಲ್ಲ. ನಿಂಬೆವ್ವ ಕೂಸಿನ ಪಾದವನ್ನು ಬಿಟ್ಟಿರಲಿಲ್ಲ. ಬಿಡಬಾರದೆಂದು ಅವಳು ಹಿಡಿದದ್ದಲ್ಲ. ಬಿಡಬೇಕೆಂದು ಅವಳಿಗೂ ಗೊತ್ತಿತ್ತು. ಆದರೆ ಬೆರಳುಗಳು ಮಾತು ಕೇಳುತ್ತಿರಲಿಲ್ಲ. ಬಿಟ್ಟರೆ ನೀರಿಗೆ ಹೋಗುತ್ತದೆ, ಹಿಡಿದರೆ ನೀರೇ ಬರುತ್ತದೆ. ಮುಂದಿನ ಅಲೆ ಏಳುತ್ತಿತ್ತು.

"ಬಿಡು!" ತುಳಜಾಬಾಯಿ ಕಿರುಚಿದಳು. ಅತ್ತಿ ಎನ್ನಲಿಲ್ಲ, ನೀವು ಎನ್ನಲಿಲ್ಲ. "ಮುದುಕಿ, ಕಾಲು ಬಿಡು! ನನ್ನ ಕೂಸು ಅದು, ಬಿಡು!"

ಆ ಮಾತು ಕೆನ್ನೆಗೆ ಬಿದ್ದ ಏಟಿನ ಹಾಗೆ ತಾಗಿತು. ಬೆರಳು ಬಿಚ್ಚಿದವು. ಗಂಡ ಮತ್ತು ಕೂಸು ಒಟ್ಟಿಗೆ ನೀರಿನಲ್ಲಿ ಕಾಣದಾದರು.

ಎಷ್ಟು ಹೊತ್ತೋ ಅವಳಿಗೆ ತಿಳಿಯದು. ಅಲೆ ಇಳಿದಾಗ ದೋಣಿಯ ಅಂಚಿನಲ್ಲಿ ಬಿಳಿ ತಲೆ ಕಂಡಿತು. ಸೊಸೆ ಬಾಗಿ ರುಮಾಲಿನ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚುತ್ತಿದ್ದಳು. ಕೂಸನ್ನು ತಲೆಕೆಳಗು ಹಿಡಿದು ಬೆನ್ನಿಗೆ ತಟ್ಟಿದಳು. ಸದ್ದಿಲ್ಲ. ಮತ್ತೆ ತಟ್ಟಿದಳು. ಸೊಂಟದ ತನಕ ನೀರಿನಲ್ಲಿ ನಿಂತ ನಿಂಬೆವ್ವ ಭಾಗ್ಯವಂತಿಯನ್ನೂ ಕರೆಯಲಿಲ್ಲ, ಗಂಗವ್ವನನ್ನೂ ಕರೆಯಲಿಲ್ಲ. ಆ ಕೈಯನ್ನೇ ನೋಡುತ್ತಿದ್ದಳು. ಮೂರನೆಯ ಏಟಿಗೆ ಕೂಸು ನೀರು ಕಾರಿ ಅತ್ತಿತು.

ಆಮೇಲೆ ಮಾಳಿಂಗಪ್ಪ ಹಗ್ಗ ಹಿಡಿದು ಬಂದು ಅವಳನ್ನೂ ಎಳೆದುಕೊಂಡು ಹೋದ. ದೋಣಿಯ ತಳದಲ್ಲಿ ಮೀನಿನ ಹುರುಪೆ ತೇಲುವ ನೀರಲ್ಲಿ ಗಂಡ ಹೆಂಡತಿ ಇಬ್ಬರೂ ಬಿದ್ದುಕೊಂಡರು. ತುಳಜಾಬಾಯಿ ಕೂಸನ್ನು ಸೆರಗಿನಿಂದ ಎದೆಗೆ ಕಟ್ಟಿಕೊಂಡು ಹುಟ್ಟು ಹಾಕಿದಳು. ನಿಂಬೆವ್ವ ಹಿಂದೆ ತಿರುಗಿ ನೋಡಿದಾಗ ಬಂಡೆ ಇದ್ದ ಜಾಗದಲ್ಲಿ ನೊರೆ ಮಾತ್ರ ಸುತ್ತುತ್ತಿತ್ತು.

ದಂಡೆಯಲ್ಲಿ ಕೇರಿಯ ಹೆಂಗಸರೆಲ್ಲ ಸೇರಿದ್ದರು. ತುಳಜಾಬಾಯಿಯ ದೊಡ್ಡಮ್ಮ, ಹಲ್ಲಿಲ್ಲದ ಮುದುಕಿ, ದೋಣಿ ಮುಟ್ಟುವ ಮೊದಲೇ ಕೂಗಿದಳು. "ಯಾರು ಒಯ್ದರು ಕೂಸನ್ನ? ಈ ಘಟ್ಟದ ಮೇಲಿನವರಾ? ಭರತಿಯ ಹೊತ್ತು ಗೊತ್ತಿಲ್ಲದವರಿಗೆ ಸಮುದ್ರದಲ್ಲೇನು ಕೆಲಸ?"

ನಿಂಬೆವ್ವ ಬಾಯಿ ತೆರೆದಳು. ಹೇಳಿಬಿಡಬೇಕು, ಎಲ್ಲರ ಮುಂದೆ ಹೇಳಿ ಕಾಲಿಗೆ ಬೀಳಬೇಕು ಎಂದಿದ್ದಳು. ಸೊಸೆಯ ಒದ್ದೆ ಕೈ ಅವಳ ಮಣಿಕಟ್ಟನ್ನು ನೋವಾಗುವಷ್ಟು ಹಿಡಿಯಿತು.

"ನಾನೇ ಕಳಿಸಿದೆ," ಎಂದಳು ತುಳಜಾಬಾಯಿ. "ಅವರ ಪದ್ಧತಿ ಇತ್ತು, ಮಾಡಿಕೊಂಡು ಬನ್ನಿ ಅಂದೆ. ನೀರು ಬರುವ ಹೊತ್ತು ಹೇಳೋದು ಮರೆತೆ."

"ಮರೆತೆಯಾ? ತಾಯಿಯಾ ನೀನು?" ಮುದುಕಿ ಅವಳ ಕೆನ್ನೆಗೆ ಹೊಡೆದಳು. ಹೆಂಗಸರು ಬಾಯಿಗೆ ಬಂದಂತೆ ಬೈದರು. ತುಳಜಾಬಾಯಿ ತಲೆ ತಗ್ಗಿಸಿ ಕೇಳಿಸಿಕೊಂಡಳು. ಮಧ್ಯಾಹ್ನ ಭೀಮಶಾ ಬಂದ. ಅವನಿಗೂ ಅದನ್ನೇ ಹೇಳಿದಳು. "ಅಕಲಿಲ್ಲೇನು ನಿನಗ? ನಮ್ಮ ಅಪ್ಪಗ ಇಲ್ಲಿ ನೀರಿನ ಕಥಿ ಏನ ಗೊತ್ತದ?" ಎಂದು ಅವನು ಅಪ್ಪ ಅವ್ವನ ಎದುರಿಗೇ ಹೆಂಡತಿಯನ್ನು ಬೈದ. ಜಗುಲಿಯ ಮೂಲೆಯಲ್ಲಿ ಕೂತ ಮಾಳಿಂಗಪ್ಪ ಕೆತ್ತಿಹೋದ ಮೊಣಕೈ ನೋಡಿಕೊಳ್ಳುತ್ತಿದ್ದ. ಅವನು ತುಟಿ ಬಿಚ್ಚಲಿಲ್ಲ. ನಿಂಬೆವ್ವನೂ ಬಿಚ್ಚಲಿಲ್ಲ. ಸಮುದ್ರದ ನಡುವೆ ಹೆದರಿದ್ದಕ್ಕಿಂತ ಮಗನ ಮುಖಕ್ಕೆ ಅವಳು ಹೆಚ್ಚು ಹೆದರಿದಳು. ಅದು ಅವಳಿಗೇ ಹೇಸಿಗೆ ತರಿಸಿತು.

ಭೀಮಶಾ ಬಲೆ ಒಣಹಾಕಲು ಹೊರಗೆ ಹೋದ ಮೇಲೆ ಸೊಸೆ ಬಿಸಿ ಗಂಜಿಯ ತಾಟು ತಂದು ಅತ್ತೆಯ ಮುಂದಿಟ್ಟಳು. ಕೆನ್ನೆಯ ಮೇಲೆ ಬೆರಳ ಗುರುತು ಇನ್ನೂ ಇತ್ತು. ಎದುರಿಗೆ ಕೂತಳು. ದನಿ ಏರಿಸಲಿಲ್ಲ.

"ಊರವರ ಮುಂದೆ, ನನ್ನ ಗಂಡನ ಮುಂದೆ, ನಿಮ್ಮ ಮರ್ಯಾದೆ ನನ್ನದು ಅತ್ತಿ. ಅದನ್ನು ಕಾಯ್ತೇನೆ. ಎಷ್ಟು ದಿನ ಬೇಕಾದರೂ ಇರಿ, ಮಾಡಿ ಹಾಕ್ತೇನೆ. ಆದರೆ ಕೂಸನ್ನು ಇನ್ನು ನಿಮ್ಮ ಕೈಗೆ ಕೊಡೋದಿಲ್ಲ. ಅವನು ದೊಡ್ಡವನಾಗಿ ತಾನೇ ನಡೆದು ನಿಮ್ಮ ಹತ್ತಿರ ಬರುವ ತನಕ ಕೊಡೋದಿಲ್ಲ."

ನಿಂಬೆವ್ವ ತಾಟು ನೋಡುತ್ತ ಕೂತಳು. ಸೊಸೆ ಹೇಳಿದ್ದು ತಪ್ಪು ಎನ್ನಲು ಬರುತ್ತಿರಲಿಲ್ಲ. ತಾನು ಆ ಜಾಗದಲ್ಲಿದ್ದರೆ ತಾನೂ ಕೊಡುತ್ತಿರಲಿಲ್ಲ.

"ಹೌದವ್ವಾ," ಎಂದಳು. "ಕೊಡಬ್ಯಾಡ."

ತುಳಜಾಬಾಯಿ ಎದ್ದು ಬಾವಿಗೆ ಹೋಗಲೆಂದು ಇನ್ನೊಂದು ಕೊಡ ಎತ್ತಿಕೊಂಡಳು. ಪಕ್ಕದ ಮನೆಯ ಹೆಂಗಸನ್ನು ಕರೆದು ಜೋಲಿಯ ಹತ್ತಿರ ಕೂರಿಸಿ ಹೋದಳು. ಸ್ವಲ್ಪ ಹೊತ್ತಿಗೆ ಒಳಗೆ ಕೂಸು ಎಚ್ಚರಾಗಿ ಅತ್ತಿತು. ನಿಂಬೆವ್ವ ತಟ್ಟನೆ ನೆಲಕ್ಕೆ ಕೈಯೂರಿ ಅರ್ಧ ಎದ್ದಳು. ಪಕ್ಕದ ಮನೆಯ ಹೆಂಗಸು ಬಾಗಿಲಲ್ಲಿ ತಿರುಗಿ ಅವಳನ್ನು ನೋಡಿದಳು. ನಿಂಬೆವ್ವ ಮತ್ತೆ ಕೂತಳು.